ಕುಡಿದು ವಾಹನ ನಡೆಸಿದ ಆರೋಪ ಬಂದರೆ: ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಮೇವು, ಕೆಚ್ಚಲುಬಾವು, ಕೃತಕ ಗರ್ಭಧಾರಣೆಯ ಬಗ್ಗೆ ಬರೆಯುವ ನಾನು ಈ ಸಲ ಕಾನೂನಿನ ವಿಷಯ ಎತ್ತಿಕೊಂಡಿದ್ದೇನೆ. ಕಾರಣವಿದೆ. ಶ್ರೀನಿವಾಸಪುರದ ಕಡೆ ಹಸುವಿನ ಚಿಕಿತ್ಸೆಗೆ ಹೋಗಿದ್ದಾಗ ಸದಸ್ಯರೊಬ್ಬರು ಕೋರ್ಟಿನ ಸಮನ್ಸ್ ತಂದು ತೋರಿಸಿದರು. ಟೆಂಪೋದಲ್ಲಿ ಹಾಲಿನ ಕ್ಯಾನು ಸಾಗಿಸಿ ಜೀವನ ಮಾಡುವವರು. "ಸಾರ್, ತಪ್ಪಾಯ್ತು ಅಂತ ದಂಡ ಕಟ್ಟಿಬಿಟ್ರೆ ಮುಗೀತಲ್ವಾ?" ಎಂದು ಕೇಳಿದರು.

ಮುಗಿಯುವುದಿಲ್ಲ. ಮೋಟಾರು ವಾಹನ ಕಾಯಿದೆ 1988ರ 185ನೇ ಕಲಮಿನಂತೆ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 6 ತಿಂಗಳವರೆಗೆ ಸಜೆ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಸಜೆ, ಇಲ್ಲವೇ 15,000 ರೂಪಾಯಿ ದಂಡ, ಅಥವಾ ಎರಡೂ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೂ ಅದು ಶಿಕ್ಷೆಯೆಂದೇ ದಾಖಲಾಗುತ್ತದೆ. ಅದರ ಜೊತೆಗೆ 20ನೇ ಕಲಮಿನಂತೆ ಕನಿಷ್ಠ 6 ತಿಂಗಳು ವಾಹನ ನಡೆಸದಂತೆ ನ್ಯಾಯಾಲಯ ಅನರ್ಹಗೊಳಿಸಬೇಕು. ಹಾಲಿನ ಗಾಡಿ ಓಡಿಸುವವರಿಗೆ ದಂಡಕ್ಕಿಂತ ಇದೇ ದೊಡ್ಡ ಪೆಟ್ಟು.

ಸಂಘದಲ್ಲಿ ಹಾಲು ಹಾಕಿದಾಗ ಫ್ಯಾಟ್ ಎಷ್ಟು ಬಂತೆಂದು ಚೀಟಿ ನೋಡಿಯೇ ನೀವು ಮನೆಗೆ ಹೋಗುವುದು. ಈ ಪ್ರಕರಣದಲ್ಲೂ ಅಳತೆಯೇ ಮುಖ್ಯ. ಬಾಯಿ ವಾಸನೆ, ತೂರಾಡುವ ನಡಿಗೆ, ತೊದಲು ಮಾತು ಇಷ್ಟರಿಂದಲೇ ಕುಡಿದಿದ್ದನೆಂದು ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟು 1971ರಲ್ಲೇ ಒಂದು ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಈ ಅಂಶಗಳನ್ನು ನೆನಪಿಡಿ:

1. ಸಮವಸ್ತ್ರದಲ್ಲಿರುವ ಪೊಲೀಸರು ಉಸಿರು ಪರೀಕ್ಷೆಗೆ ಕೇಳಿದರೆ ನಿರಾಕರಿಸಬೇಡಿ. ಸಕಾರಣವಿಲ್ಲದೆ ನಿರಾಕರಿಸಿದರೆ ಅದೇ ನಿಮಗೆ ವಿರುದ್ಧವಾಗುತ್ತದೆ.

2. ಯಂತ್ರ ತೋರಿಸಿದ ಅಂಕಿ, ಸ್ಥಳ, ಹೊತ್ತು ಗುರುತು ಹಾಕಿಕೊಳ್ಳಿ. ಪರೀಕ್ಷೆಯ ಚೀಟಿ ಕೇಳಿ.

3. ಬಂಧಿಸಿದರೆ 2 ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಆಗಬೇಕು. ಆಗದಿದ್ದರೆ ಬಿಡುಗಡೆ ಮಾಡಬೇಕೆಂದು 202ನೇ ಕಲಮು ಹೇಳುತ್ತದೆ. ಬಿಡುಗಡೆಯಾದ ಮಾತ್ರಕ್ಕೆ ಕೇಸು ಹೋಯಿತೆಂದಲ್ಲ.

4. ಇದು ಜಾಮೀನು ಸಿಗುವ ಅಪರಾಧ. ವಕೀಲರನ್ನು ಕಾಣುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲಿದೆ.

5. ಈ ದಂಡವನ್ನು ನ್ಯಾಯಾಲಯವೇ ವಿಧಿಸಬೇಕು. ರಸ್ತೆಯಲ್ಲಿ ಯಾರ ಕೈಗೂ ಹಣ ಕೊಡಬೇಡಿ.

6. ಓದದೆ, ಓದಿಸಿ ಕೇಳದೆ ಯಾವ ಕಾಗದಕ್ಕೂ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ. ವಾಯಿದೆ ದಿನ ತಪ್ಪಿಸಿದರೆ ವಾರಂಟ್ ಬರುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ಕಾನೂನು ನೆರವಿಗೆ ಅರ್ಹರು. ಕೋಲಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇವೆ. ದೂರವಾಣಿ 15100.

ನಮ್ಮ ಸದಸ್ಯರು ಸಮಿತಿಗೆ ಹೋದರು. ವಕೀಲರು ಕಾಗದಗಳನ್ನೆಲ್ಲ ನೋಡಿದರು. ಅಳತೆ ಮಿತಿ ಮೀರಿತ್ತು, ಪರೀಕ್ಷೆಯೂ ಕ್ರಮಬದ್ಧವಾಗಿತ್ತು. ತಪ್ಪೊಪ್ಪಿಕೊಂಡು ಕರುಣೆ ಕೋರುವುದೇ ಸರಿಯೆಂದರು. ಹಾಗೆಯೇ ಮಾಡಿದರು. ಸಜೆ ತಪ್ಪಿತು, ಲೈಸೆನ್ಸ್ ಆರು ತಿಂಗಳು ಹೋಯಿತು. ಈಗ ಅವರ ತಮ್ಮ ಟೆಂಪೋ ಓಡಿಸುತ್ತಿದ್ದಾರೆ. ಕಾಗದ ತಪ್ಪಾಗಿದ್ದರೆ ಅದೇ ವಕೀಲರು ವಾದ ಮಾಡುತ್ತಿದ್ದರು. ಎರಡರಲ್ಲಿ ಯಾವುದೆಂದು ತಿಳಿದು ಹೆಜ್ಜೆ ಇಡುವುದೇ ರಕ್ಷಣೆ.

ರೋಗ ಬಂದ ಮೇಲಿನ ಔಷಧಿಗಿಂತ ಮುಂಚಿನ ಲಸಿಕೆ ಮೇಲೆಂದು ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ಇಲ್ಲಿಯೂ ಅಷ್ಟೇ. ಕುಡಿದ ದಿನ ಗಾಡಿಯ ಬೀಗದ ಕೈ ಮನೆಯವರ ಕೈಯಲ್ಲಿರಲಿ. ಬೆಳಗಿನ ಹಾಲು ಸಂಘಕ್ಕೆ ಹೋಗಲೇಬೇಕು, ಹಾಲು ತಂದವರು ಮನೆಗೂ ಮರಳಬೇಕು.