ರೊಟ್ಟಿ ಬಿಡುವ ಮುನ್ನ ಗುಳಿಗೆ ಚೀಟಿ ತೆಗೆದು ನೋಡಿ

‘ರೊಟ್ಟಿ ಬಿಟ್ಟೀನ್ರಿ, ಎಂಟ ದಿನದಾಗ ಎರಡ ಕಿಲೋ ಇಳದೀನಿ’ ಎಂಬ ಮಾತು ಗುಳೇದಗುಡ್ಡ, ಬಾದಾಮಿ, ಇಳಕಲ್ ಕಡೆ ಈಗ ಮದುವೆ ಮನೆಗಳಲ್ಲೂ ಕೇಳಿಬರುತ್ತದೆ. ಬೆಳಿಗ್ಗೆ ನಾಲ್ಕು ಮೊಟ್ಟೆ, ಮಧ್ಯಾಹ್ನ ಚಿಕನ್ ಇಲ್ಲವೇ ಪನೀರ್, ರಾತ್ರಿ ಡಬ್ಬಿಯ ಪ್ರೋಟೀನ್ ಪುಡಿ. ರೊಟ್ಟಿ, ಅನ್ನ, ಬಾಳೆಹಣ್ಣು ಪೂರ್ತಿ ಬಂದ್. ತೂಕ ಇಳಿಯುವುದು ಸುಳ್ಳಲ್ಲ. ಆದರೆ ಆ ಎರಡು ಕಿಲೋದಲ್ಲಿ ಬಹುಪಾಲು ನೀರು. ಯಕೃತ್ತು ಮತ್ತು ಸ್ನಾಯುಗಳು ಕೂಡಿಟ್ಟುಕೊಂಡ ಗ್ಲೈಕೋಜನ್ನಿನ ಒಂದೊಂದು ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ರೊಟ್ಟಿ ಬಿಟ್ಟರೆ ಮೊದಲು ಕರಗುವುದು ಈ ದಾಸ್ತಾನು. ಮತ್ತೆ ಉಣ್ಣತೊಡಗಿದರೆ ನೀರೂ ವಾಪಸ್, ತೂಕವೂ ವಾಪಸ್.

ಈ ಪಥ್ಯ ಹೊಸದೇನಲ್ಲ. ಅಮೆರಿಕದ ವೈದ್ಯ ರಾಬರ್ಟ್ ಅಟ್ಕಿನ್ಸ್ 1972ರಲ್ಲೇ ಪುಸ್ತಕ ಬರೆದು ಇದನ್ನು ಮನೆಮಾತು ಮಾಡಿದರು. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ 609 ಜನರಿದ್ದರು. ವರ್ಷದ ಕೊನೆಗೆ ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ, ಕಾರ್ಬೊಹೈಡ್ರೇಟ್ ಕಡಿಮೆ ಮಾಡಿದವರು 6 ಕಿಲೋ ಇಳಿದಿದ್ದರು. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಮೊದಲು ಗುಳಿಗೆ ಚೀಟಿ

ಊಟ ಬದಲಿಸುವ ಮುನ್ನ ಮಾಡಲೇಬೇಕಾದ ಕೆಲಸವಿದು. ಬಹುತೇಕರು ಮಾಡದೆ ಬಿಡುವುದೂ ಇದನ್ನೇ. ಶುಗರ್ ಇರುವವರು ನುಂಗುವ ಗ್ಲಿಮೆಪಿರೈಡ್, ಚುಚ್ಚಿಕೊಳ್ಳುವ ಇನ್ಸುಲಿನ್ ಎರಡೂ ನಿಮ್ಮ ಹಳೆಯ ಊಟದ ಲೆಕ್ಕಕ್ಕೆ ಬರೆದುಕೊಟ್ಟಂಥವು. ನೀವು ಮೂರು ರೊಟ್ಟಿ ಬಿಟ್ಟಿದ್ದು ಗುಳಿಗೆಗೆ ಗೊತ್ತಾಗುವುದಿಲ್ಲ, ಅದು ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ಮೈ ಬೆವೆತು, ಕೈ ನಡುಗಿ, ಕಣ್ಣಿಗೆ ಕತ್ತಲೆ ಬಂದರೆ ‘ಪಥ್ಯ ಹತ್ತಲಿಕ್ಕತ್ತೈತಿ’ ಎಂದು ಸುಮ್ಮನೆ ಕೂರಬೇಡಿ. ಶುಗರ್ 70ಕ್ಕಿಂತ ಕೆಳಗಿಳಿದಿರಬಹುದು. ಎಚ್ಚರವಿದ್ದರೆ ತಕ್ಷಣ ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಯಿರಿ.

ಇನ್ನೊಂದು ಬಗೆಯ ಗುಳಿಗೆ ಇದಕ್ಕಿಂತ ಮೋಸದ್ದು. ಚೀಟಿಯಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೀಗೆ ‘ಗ್ಲಿಫ್ಲೋಜಿನ್’ ಎಂದು ಮುಗಿಯುವ ಹೆಸರಿದೆಯೇ ನೋಡಿ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಇವನ್ನು ನುಂಗುತ್ತಾ ರೊಟ್ಟಿ, ಅನ್ನ ಪೂರ್ತಿ ಬಿಟ್ಟರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಜೀವಕ್ಕೇ ಕುತ್ತು ಬರಬಹುದು. ಆಗಲೂ ಮೀಟರಿನಲ್ಲಿ ಶುಗರ್ ಅಷ್ಟೇನೂ ಹೆಚ್ಚು ಕಾಣದಿರಬಹುದು. ‘ಶುಗರ್ ಸರಿ ಐತಿ’ ಎಂದು ಮನೆಯವರು ನಿರಾಳವಾಗುತ್ತಾರೆ, ಅತ್ತ ರೋಗಿ ವಾಂತಿ, ಹೊಟ್ಟೆನೋವು, ಏದುಸಿರಿನಲ್ಲಿ ಒದ್ದಾಡುತ್ತಿರುತ್ತಾರೆ. ಅದನ್ನು ಪಿತ್ತವೆಂದು ಬಿಡದೆ ದವಾಖಾನೆಗೆ ಕರೆದೊಯ್ದು, ಗುಳಿಗೆಯ ಹೆಸರನ್ನೂ ಪಥ್ಯವನ್ನೂ ಮೊದಲೇ ಹೇಳಿ. ಬಿಪಿ ಗುಳಿಗೆಯವರಿಗೂ ಎದ್ದು ನಿಂತಾಗ ತಲೆ ತಿರುಗಬಹುದು. ಹಾಗೆಂದು ಯಾವ ಗುಳಿಗೆಯನ್ನೂ ನೀವಾಗಿ ಬಿಡಬೇಡಿ. ಚೀಟಿ ಹಿಡಿದು ನಿಮ್ಮ ಡಾಕ್ಟರರ ಬಳಿ ಹೋಗಿ, ಡೋಸ್ ಬದಲಿಸಬೇಕೇ ಎಂದು ಕೇಳಿ. ಊಟ ಬದಲಿಸುವುದು ಆಮೇಲೆ.

ಕಿಡ್ನಿಯ ಲೆಕ್ಕ

ಹತ್ತಿರದ ಲ್ಯಾಬಿನಲ್ಲಿ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಮಾಡಿಸಿ. ಶುಗರ್, ಬಿಪಿ ಹಳೆಯದಾದವರಲ್ಲಿ ಕಿಡ್ನಿ ಸದ್ದಿಲ್ಲದೆ ಸೊರಗಿರುತ್ತದೆ. ಅಂಥ ಕಿಡ್ನಿಗೆ ಪ್ರೋಟೀನ್ ಪುಡಿಯ ಹೊರೆ ಸಲ್ಲದು. ಮಾಂಸ ಅತಿಯಾದರೆ ಮೂತ್ರದಲ್ಲಿ ಯೂರಿಕ್ ಆಮ್ಲ ಏರುತ್ತದೆ, ಹರಳು ತಡೆಯುವ ಸಿಟ್ರೇಟ್ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಮಗ್ಗದ ಮುಂದೆ ದಿನವಿಡೀ ಬೆವರುತ್ತಾ, ನೀರು ಕುಡಿಯುವುದನ್ನೇ ಮರೆಯುವವರಿಗೆ ಹರಳಿನ ಭಯ ಇನ್ನೂ ಹೆಚ್ಚು.

ಬಿಡಬೇಕಾದ್ದು ಯಾವುದು?

50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 34 ಗ್ರಾಂ ಕಾರ್ಬೊಹೈಡ್ರೇಟ್ ಇದೆ ನಿಜ. ಜೊತೆಗೇ 5 ಗ್ರಾಂ ಪ್ರೋಟೀನ್, 5 ಗ್ರಾಂ ನಾರೂ ಇವೆ. ಮೊಟ್ಟೆ, ಚಿಕನ್, ಪನೀರಿನಲ್ಲಿ ನಾರು ಇಲ್ಲವೇ ಇಲ್ಲ. ಪಥ್ಯ ಹಿಡಿದ ವಾರದಲ್ಲೇ ಮಲಬದ್ಧತೆ ಶುರುವಾಗುವುದಕ್ಕೆ ಇದೇ ಕಾರಣ. ರೊಟ್ಟಿ ಬಿಟ್ಟವರು ಅದರ ಸಂಗಡದ ಪುಂಡಿಪಲ್ಯ, ಮೆಂತ್ಯೆಪಲ್ಯ, ಹಸಿ ಉಳ್ಳಾಗಡ್ಡಿ, ಸವತಿಕಾಯಿಯನ್ನೂ ಬಿಟ್ಟುಬಿಡುತ್ತಾರೆ.

ಕತ್ತರಿ ಹಾಕಬೇಕಾದ್ದು ಚಹಾದ ಸಕ್ಕರೆಗೆ, ಸಂಜೆಯ ಮಿರ್ಚಿ ಭಜಿಗೆ, ತಟ್ಟೆ ತುಂಬ ಅನ್ನಕ್ಕೆ. ಅಂಟು, ಗೋಡಂಬಿ ಇದೆ ಎಂದು ಅಮೀನಗಡದ ಕರದಂಟನ್ನು ಪ್ರೋಟೀನ್ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಅದರಲ್ಲಿ ಬೆಲ್ಲ, ತುಪ್ಪವೂ ಸಾಕಷ್ಟಿವೆ. ಹಬ್ಬಕ್ಕೆ ಒಂದು ತುಂಡು ಸಾಕು.

ಆರೋಗ್ಯವಂತರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಎಂದು ಐಸಿಎಂಆರ್ 2020ರಲ್ಲಿ ನಿಗದಿ ಮಾಡಿದೆ. 60 ಕಿಲೋದವರಿಗೆ 50 ಗ್ರಾಂ ಆಯಿತು. ದಿನಕ್ಕೆ ಮೂರು ರೊಟ್ಟಿಯಿಂದ 15, 50 ಗ್ರಾಂ ಹೆಸರುಕಾಳು ಮೊಳಕೆ ಬರಿಸಿದರೆ 11, 40 ಗ್ರಾಂ ತೊಗರಿಬೇಳೆಯಿಂದ 9, 30 ಗ್ರಾಂ ಶೇಂಗಾದಿಂದ 7, ಒಂದು ಬಟ್ಟಲು ಮೊಸರಿನಿಂದ 6. ಡಬ್ಬಿಯಿಲ್ಲದೆಯೇ 50ರ ಹತ್ತಿರ ಬಂದಿರಿ. ಐಸಿಎಂಆರ್ 2024ರ ಆಹಾರ ಮಾರ್ಗಸೂಚಿಯೂ ಪ್ರೋಟೀನ್ ಪುಡಿ ಬೇಡವೆಂದೇ ಹೇಳಿದೆ.

ಬಸುರಿಯರು, ಎದೆಹಾಲು ಕುಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಗೌಟ್ ಇರುವವರು ಈ ಪಥ್ಯದ ಗೋಜಿಗೇ ಹೋಗಬಾರದು. ಉಳಿದವರು ನೀರು ಚೆನ್ನಾಗಿ ಕುಡಿದು, ದಿನಕ್ಕೆ ಅರ್ಧ ತಾಸು ಚುರುಕಾಗಿ ನಡೆಯಿರಿ. ತೂಕದ ಯಂತ್ರದ ಬದಲು ತಿಂಗಳಿಗೊಮ್ಮೆ ಟೇಪು ಹಿಡಿದು ಸೊಂಟ ಅಳೆಯಿರಿ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.