ಯಕೋಬನೂ ಕೆಲಸದ ಅರ್ಜಿಯೂ

ಓದಿಗೆ: ಆದಿಕಾಂಡ, ಅಧ್ಯಾಯ 27 ಮತ್ತು 32

ಬಿ.ಇ. ಅಥವಾ ಬಿ.ಸಿ.ಎ. ಮುಗಿಸಿದ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಅರ್ಜಿ ಹಾಕುತ್ತಲೇ ಇದ್ದಾನೆ. ಆರು ತಿಂಗಳಾದರೂ ಕರೆ ಬಂದಿಲ್ಲ. ಆಗ ಪರಿಚಯದವರೊಬ್ಬರು ದಾರಿ ತೋರಿಸುತ್ತಾರೆ. ಇಂತಿಷ್ಟು ಹಣ ಕೊಟ್ಟರೆ ಎರಡು ವರ್ಷ ದುಡಿದಂತೆ ಅನುಭವ ಪತ್ರ, ಸಂಬಳದ ಚೀಟಿ ಎಲ್ಲವೂ ತಯಾರು! ಮಗ ಹಿಂಜರಿಯುತ್ತಾನೆ. ಮುಂದೆ ತಳ್ಳುವವರು ಎಷ್ಟೋ ಮನೆಗಳಲ್ಲಿ ತಂದೆತಾಯಿಗಳೇ. "ಎಲ್ಲರೂ ಮಾಡುತ್ತಾರಪ್ಪಾ, ಒಮ್ಮೆ ಒಳಗೆ ಸೇರಿದರೆ ಸಾಕು" ಎನ್ನುತ್ತಾರೆ.

ಯಕೋಬನ ವಿಷಯದಲ್ಲೂ ಹೀಗೆಯೇ ಆಯಿತು. ಮೋಸದ ಯೋಚನೆ ಅವನದಲ್ಲ, ತಾಯಿ ರೆಬೆಕ್ಕಳದು. ಸಿಕ್ಕಿಬಿದ್ದರೆ ಶಾಪ ತಟ್ಟೀತೆಂದು ಅವನು ಅಂಜಿದಾಗ, ಆ ಶಾಪ ತನ್ನ ಮೇಲಿರಲಿ ಎಂದವಳೂ ಅವಳೇ. ಅಡುಗೆ ಮಾಡಿಕೊಟ್ಟಳು, ಅಣ್ಣ ಏಸಾವನ ಬಟ್ಟೆ ತೊಡಿಸಿದಳು, ಕೈಗೂ ಕುತ್ತಿಗೆಗೂ ಆಡುಮರಿಯ ಚರ್ಮ ಸುತ್ತಿದಳು. ಕಣ್ಣು ಮಂಜಾಗಿದ್ದ ತಂದೆ ಇಸಾಕನು ನೀನು ಯಾರೆಂದು ಕೇಳಿದಾಗ ಯಕೋಬನು ಅಣ್ಣನ ಹೆಸರು ಹೇಳಿದನು. ಆಶೀರ್ವಾದವೇನೋ ಸಿಕ್ಕಿತು, ಆದರೆ ಮನೆಯಲ್ಲಿ ಉಳಿಯಲಾಗಲಿಲ್ಲ. ಕೆಲವು ದಿನಗಳಿಗೆಂದು ತಾಯಿ ಕಳುಹಿಸಿದ ಮಗ ಇಪ್ಪತ್ತು ವರ್ಷ ಪರಸ್ಥಳದಲ್ಲಿ ದುಡಿದನು. ಸೋದರಮಾವ ಲಾಬಾನನಿಂದ ತಾನೂ ಮೋಸಹೋದನು. ತಾಯಿಮಗ ಮತ್ತೆ ಭೇಟಿಯಾದ ಸಂಗತಿ ಆದಿಕಾಂಡದಲ್ಲಿ ಎಲ್ಲಿಯೂ ಇಲ್ಲ.

ಇಂದಿನ ಆಡಿನ ಚರ್ಮ ಹೆಚ್ಚು ದಿನ ಬಾಳುವುದಿಲ್ಲ. ದೊಡ್ಡ ಕಂಪನಿಗಳು ಹೊಸಬರ ದಾಖಲೆಗಳನ್ನು ಪರಿಶೀಲಿಸಲು ಬೇರೆ ಸಂಸ್ಥೆಗಳನ್ನೇ ನೇಮಿಸುತ್ತವೆ. 2014ರಿಂದ ಭವಿಷ್ಯನಿಧಿ ಸದಸ್ಯರಿಗೆ ಯು.ಎ.ಎನ್. ಎಂಬ 12 ಅಂಕಿಯ ಸಂಖ್ಯೆಯಿದೆ. ಎಲ್ಲಿ, ಎಷ್ಟು ಕಾಲ ದುಡಿದರೆಂಬುದು ಅದರಡಿ ದಾಖಲಾಗುತ್ತದೆ. ಎರಡು ವರ್ಷ ದುಡಿದೆನೆಂದವನ ಹೆಸರಿನಲ್ಲಿ ಒಂದು ತಿಂಗಳ ವಂತಿಗೆಯೂ ಇಲ್ಲದಿದ್ದರೆ ಪ್ರಶ್ನೆ ಏಳುತ್ತದೆ. ಸೇರಿ ವರ್ಷವಾದ ಮೇಲೂ ಕೆಲಸದಿಂದ ತೆಗೆಯಬಹುದು. ಅಷ್ಟರಲ್ಲಿ ಆ ಸಂಬಳ ನಂಬಿ ಮನೆಯವರು ಸಾಲ ಮಾಡಿರುತ್ತಾರೆ. ಸಿಕ್ಕಿಬೀಳದಿದ್ದರೆ ಸರಿಯೇ? ಎಂಟನೆಯ ಕಟ್ಟಳೆಗೆ ಅಂಥ ವಿನಾಯಿತಿ ಇಲ್ಲ. ನಿಜವಾಗಿ ಎರಡು ವರ್ಷ ದುಡಿದ ಇನ್ನೊಬ್ಬರ ಮಗಳೂ ಅದೇ ಹುದ್ದೆಗೆ ಅರ್ಜಿ ಹಾಕಿರುತ್ತಾಳಲ್ಲವೇ?

ಹಾಗಾದರೆ ಬಯೋಡೇಟಾದಲ್ಲಿ ಬರೆಯುವುದೇನು? ಇದ್ದದ್ದನ್ನು. ಕೊನೆಯ ವರ್ಷದ ಪ್ರಾಜೆಕ್ಟನ್ನು ನಾಲ್ವರು ಸೇರಿ ಮಾಡಿದ್ದರೆ, ತಾನು ಮಾಡಿದ ಭಾಗ ಯಾವುದೆಂದು ಬಿಡಿಸಿ ಬರೆಯಲಿ. ಸಂದರ್ಶನದಲ್ಲಿ ಕೆದಕಿ ಕೇಳುವುದು ಅದನ್ನೇ. ತಂದೆಯ ಕಾಯಿಲೆಯಿಂದಾಗಿ ಒಂದು ವರ್ಷ ಹೋಗಿದ್ದರೆ ಹಾಗೆಂದೇ ಹೇಳಲಿ, ಅದರಲ್ಲಿ ನಾಚಿಕೆಯೇನಿದೆ? ಅನೇಕ ದೊಡ್ಡ ಕಂಪನಿಗಳು ಶೇಕಡಾ 60 ಅಂಕ ಕೇಳುತ್ತವೆ. ಅಷ್ಟಿಲ್ಲದವರು ಆ ನಿಬಂಧನೆಯಿಲ್ಲದ ಚಿಕ್ಕ ಕಂಪನಿಗಳಿಗೂ ಅರ್ಜಿ ಹಾಕಬೇಕು. ಸಂಬಳ ಕಡಿಮೆ, ತಡವೂ ಆಗುತ್ತದೆ. ಇದನ್ನು ಮುಚ್ಚಿಡುವುದು ಬೇಡ. ಕೆಲಸ ಕೊಡಿಸಲು ಹಣ ಕೇಳುವವರಿಂದ ಮಾತ್ರ ದೂರವಿರಿ. ಇನ್ಫೋಸಿಸ್, ವಿಪ್ರೋ ಮುಂತಾದ ಕಂಪನಿಗಳು ಉದ್ಯೋಗಕ್ಕಾಗಿ ಯಾರಿಂದಲೂ ಹಣ ಪಡೆಯುವುದಿಲ್ಲವೆಂದು ತಾವೇ ಪ್ರಕಟಿಸಿವೆ.

ಇಪ್ಪತ್ತು ವರ್ಷಗಳ ನಂತರ ಊರಿಗೆ ಮರಳುವ ದಾರಿಯಲ್ಲಿ, ಯಬ್ಬೋಕ್ ಹೊಳೆಯ ಬಳಿ, ರಾತ್ರಿಯಿಡೀ ತನ್ನೊಡನೆ ಹೋರಾಡಿದವನು ಹೆಸರು ಕೇಳಿದಾಗ ಯಕೋಬನು ತನ್ನ ಹೆಸರನ್ನೇ ಹೇಳಿದನು. ಇಸ್ರಯೇಲ್ ಎಂಬ ಹೊಸ ಹೆಸರೂ ಆಶೀರ್ವಾದವೂ ದೊರೆತದ್ದು ಆಗ. ಬೆಳಗಾದಾಗ ಅವನು ಕುಂಟುತ್ತಿದ್ದನು.

ಈ ವಾರ ಒಂದು ಸಂಜೆ ಜಪಸರ ಮುಗಿದ ಮೇಲೆ ಮಗನ ಅಥವಾ ಮಗಳ ಬಯೋಡೇಟಾವನ್ನು ಮನೆಯವರೆಲ್ಲ ಕುಳಿತು ಓದಿರಿ. ನಮ್ಮ ಒತ್ತಾಯಕ್ಕೆ ಮಕ್ಕಳು ಸೇರಿಸಿದ ಸಾಲು ಅದರಲ್ಲಿ ಯಾವುದಾದರೂ ಇದೆಯೇ?