ಗದ್ದಲಕ್ಕೆ ಶ್ರುತಿ ಹಿಡಿದವನು

1914ರ ಏಪ್ರಿಲ್ 21ರ ಸಂಜೆ. ಇಟಲಿಯ ಮಿಲಾನ್ ನಗರದ ದಾಲ್ ವೆರ್ಮೆ ರಂಗಮಂದಿರದಲ್ಲಿ ಜನ ನೆರೆದಿದ್ದರು. ವೇದಿಕೆಯ ಮೇಲೆ ಪಿಟೀಲುಗಳಾಗಲಿ ಕೊಳಲುಗಳಾಗಲಿ ಇರಲಿಲ್ಲ. ಅಗಲಬಾಯಿಯ ಕಹಳೆಗಳನ್ನು ಹೊತ್ತ ಮರದ ಪೆಟ್ಟಿಗೆಗಳಿದ್ದವು. ವಾದಕರು ಹಿಡಿಗಳನ್ನು ತಿರುಗಿಸಿದಂತೆ ಅವು ಗುಡುಗಿದವು, ಊಳಿಟ್ಟವು, ಕಿರುಗುಟ್ಟಿದವು. ಸಭೆ ಇದನ್ನು ಸಹಿಸಲಿಲ್ಲ. ಕೂಗಾಟ ಹೊಡೆದಾಟಕ್ಕೆ ತಿರುಗಿತು. ಆದರೂ ನಿರ್ದೇಶಕ ಲುಯಿಜಿ ರುಸ್ಸೊಲೊ ಎದೆಗುಂದದೆ ವಾದನವನ್ನು ಮುಂದುವರಿಸಿದನು. ಗದ್ದಲದ ಸಂಗೀತವನ್ನು ಅಂದು ಸಭಿಕರ ಗದ್ದಲವೇ ನುಂಗಿತೆನ್ನಬೇಕು!

ರುಸ್ಸೊಲೊ 1885ರಲ್ಲಿ ಪೋರ್ತೊಗ್ರುವಾರೊ ಎಂಬ ಊರಿನಲ್ಲಿ ಜನಿಸಿದನು. ತಂದೆ ಆರ್ಗನ್ ವಾದಕ. ಮಗನಾದರೋ ಕುಂಚ ಹಿಡಿದನು. ಯಂತ್ರವನ್ನೂ ವೇಗವನ್ನೂ ಕೊಂಡಾಡುತ್ತಿದ್ದ 'ಭವಿಷ್ಯವಾದಿ' ಕಲಾವಿದರ ಬಳಗವನ್ನು ಸೇರಿದ ಅವನು 1913ರ ಮಾರ್ಚ್ 11ರಂದು ಸಂಗೀತಕಾರ ಪ್ರತೆಲ್ಲನಿಗೆ 'ಸದ್ದುಗಳ ಕಲೆ' ಎಂಬ ದೀರ್ಘ ಪತ್ರವನ್ನು ಬರೆದನು. ಯಂತ್ರಗಳು ಬರುವ ಮುನ್ನ ಜಗತ್ತು ಬಹುಮಟ್ಟಿಗೆ ನಿಶ್ಶಬ್ದವಾಗಿತ್ತು. ಟ್ರಾಮು, ಮೋಟಾರು, ಕಾರ್ಖಾನೆಗಳ ನಡುವೆ ಬಾಳುವ ಕಿವಿಗೆ ಹಳೆಯ ವಾದ್ಯಗಳ ನಾದವಷ್ಟೇ ಸಾಲದು ಎಂಬುದು ಅವನ ವಾದ. ಇದು ಅತಿಯಾದ ಮಾತೆಂದು ತೋರಬಹುದು. ಆದರೆ ಅವನು ಬಯಸಿದ್ದು ಬರಿಯ ಗಲಭೆಯನ್ನಲ್ಲ.

ನಿಯತ ಕಂಪನದಿಂದ ನಾದ, ಅನಿಯತ ಕಂಪನದಿಂದ ಸದ್ದು ಎಂದು ವಿಜ್ಞಾನದ ಪಾಠದಲ್ಲಿ ಓದುತ್ತೇವೆ. ಸದ್ದಿನಲ್ಲಿಯೂ ಒಂದು ಪ್ರಧಾನ ಸ್ವರ ಅಡಗಿರಬಲ್ಲದು; ಅದನ್ನು ಹಿಡಿದು ಏರಿಸಿ ಇಳಿಸಬಹುದೆಂಬುದೇ ರುಸ್ಸೊಲೊನ ಕಾಣ್ಕೆ. ಚಿತ್ರಕಾರ ಉಗೊ ಪಿಯಾತ್ತಿಯ ನೆರವಿನಿಂದ ಅವನು 'ಇಂತೊನರುಮೋರಿ' ಎಂಬ ವಾದ್ಯಗಳನ್ನು ಕಟ್ಟಿದನು. ಪೆಟ್ಟಿಗೆಯೊಳಗೆ ಒಂದು ತಂತಿ. ಅದಕ್ಕೆ ಅಂಟಿದಂತೆ ಬಿಗಿದ ಚರ್ಮದ ಪೊರೆ. ಹಿಡಿಯನ್ನು ತಿರುಗಿಸಿದರೆ ಚಕ್ರವು ತಂತಿಯನ್ನು ಉಜ್ಜುವುದು, ಪೊರೆ ಕಂಪಿಸುವುದು, ಕಹಳೆ ಆ ಸದ್ದನ್ನು ಹಿಗ್ಗಿಸಿ ಹೊರಸೂಸುವುದು. ಮೇಲಿನ ಸನ್ನೆಯನ್ನು ಸರಿಸಿದರೆ ತಂತಿಯ ಬಿಗಿ ಬದಲಾಗಿ ಸ್ವರವೂ ಬದಲಾಗುವುದು. ಗುಡುಗುವ ಪೆಟ್ಟಿಗೆ ಬೇರೆ, ಸಿಳ್ಳಿಡುವುದು ಬೇರೆ, ಗೊಳಗೊಳಿಸುವುದು ಬೇರೆ.

ಅಷ್ಟರಲ್ಲಿ ಮಹಾಯುದ್ಧ ಬಂದಿತು. ಸೈನ್ಯಕ್ಕೆ ಸೇರಿದ ರುಸ್ಸೊಲೊ 1917ರಲ್ಲಿ ತಲೆಗೆ ತೀವ್ರವಾಗಿ ಗಾಯಗೊಂಡನು. ಚೇತರಿಸಿಕೊಂಡು ಪ್ಯಾರಿಸಿನಲ್ಲಿ ಮತ್ತೆ ಕಚೇರಿಗಳನ್ನು ನಡೆಸಿದನಾದರೂ ಆ ಮೂಲವಾದ್ಯಗಳಲ್ಲಿ ಒಂದೂ ಇಂದು ಉಳಿದಿಲ್ಲ. ಅವನ ಸೋದರ ಅಂತೋನಿಯೊ ರಚಿಸಿದ ಎರಡು ಕೃತಿಗಳ 1921ರ ಧ್ವನಿಮುದ್ರಿಕೆಯಲ್ಲಿ ಮಾತ್ರ ಅವುಗಳ ದನಿ ಮಸುಕಾಗಿ ಕೇಳಿಸುತ್ತದೆ.

ಬೀಜ ಮಾತ್ರ ಬೇರೆಡೆ ಮೊಳೆಯಿತು. 1922ರಲ್ಲಿ ಅವ್ರಾಮೊವ್ ಎಂಬವನು ಬಾಕು ಬಂದರಿನಲ್ಲಿ ಕಾರ್ಖಾನೆಯ ಸೈರನ್ನುಗಳು, ಹಡಗಿನ ಕೊಂಬುಗಳು, ಫಿರಂಗಿಗಳನ್ನೇ ವಾದ್ಯಗಳಾಗಿಸಿದನು. 1948ರಲ್ಲಿ ಫ್ರಾನ್ಸಿನ ಬಾನುಲಿ ಎಂಜಿನಿಯರ್ ಪಿಯರ್ ಷೆಫರ್ ಪ್ಯಾರಿಸಿನ ರೈಲು ನಿಲ್ದಾಣವೊಂದರಲ್ಲಿ ಉಗಿಬಂಡಿಗಳ ಸದ್ದನ್ನು ಮುದ್ರಿಸಿಕೊಂಡು, ಅದರ ತುಣುಕುಗಳನ್ನು ಜೋಡಿಸಿ, ಒಂದು ಕೃತಿಯನ್ನಾಗಿ ಬಿತ್ತರಿಸಿದನು. ಅದನ್ನು ಕೇಳಲು ರುಸ್ಸೊಲೊ ಇರಲಿಲ್ಲ. ಹಿಂದಿನ ವರ್ಷವೇ ಅವನು ತೀರಿಕೊಂಡಿದ್ದನು.